ನೆರಳಿನಿಂದ ವಸ್ತುವಿಗೆ: ವಿಜ್ಞಾನಿ ಜಿ. ಎನ್. ರಾಮಚಂದ್ರನ್

ಶಾಲೆಯ ಮೈದಾನದಲ್ಲಿ ಆಡುತ್ತಿರುವಾಗ ಹುಡುಗನೊಬ್ಬನು ಬಿದ್ದು ಕೈ ಮುರಿದುಕೊಂಡರೆ ನಾವು ಅವನನ್ನು ಮೊದಲು ಕರೆದೊಯ್ಯುವುದು ಎಕ್ಸ್-ರೇ ಕೋಣೆಗೆ. ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರವು ಸಿದ್ಧವಾಗುತ್ತದೆ. ಎಲುಬು ಎಲ್ಲಿ ಬಿರಿದಿದೆ ಎಂಬುದು ಗೊತ್ತಾಗುತ್ತದೆ. ಅದೇ ಹುಡುಗನ ತಲೆಗೆ ಬಲವಾದ ಪೆಟ್ಟು ತಗಲಿ, ವಾಂತಿಯಾಗತೊಡಗಿ, ಮಂಪರು ಕವಿದರೆ ವೈದ್ಯರು ಎಕ್ಸ್-ರೇಯನ್ನೇ ನೆಚ್ಚಿ ಕೂಡುವುದಿಲ್ಲ, ಸಿ.ಟಿ. ಸ್ಕ್ಯಾನ್ ಆಗಬೇಕೆನ್ನುತ್ತಾರೆ. ಎರಡು ಯಂತ್ರಗಳಲ್ಲಿಯೂ ಶರೀರವನ್ನು ಹಾಯ್ದು ಹೋಗುವುದು ಒಂದೇ ಬಗೆಯ ಕಿರಣ. ಹೀಗಿದ್ದೂ ಒಂದಕ್ಕೆ ಕಾಣದುದು ಇನ್ನೊಂದಕ್ಕೆ ಹೇಗೆ ಕಾಣುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ನಾವು ಅನೇಕ ದೇಶಗಳ ಪ್ರಯೋಗಶಾಲೆಗಳನ್ನು ಸುತ್ತಿ, ಕಡೆಗೆ ಬೆಂಗಳೂರಿನಲ್ಲಿ ದುಡಿದ ಒಬ್ಬ ಭಾರತೀಯ ವಿಜ್ಞಾನಿಯ ಮೇಜಿನ ಬಳಿಗೂ ಬಂದು ನಿಲ್ಲುತ್ತೇವೆ. ಅವರೇ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ರಾಮಚಂದ್ರನ್ನರು ಹುಟ್ಟಿದುದು 1922ನೆಯ ಇಸವಿಯ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂ ನಗರದಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮಿ ಅಮ್ಮಾಳ್. ಗಣಿತವು ಮನೆಯ ಮಾತಾಗಿದ್ದ ಪರಿಸರದಲ್ಲಿ ಬೆಳೆದ ಬಾಲಕನಿಗೆ ಲೆಕ್ಕವು ಭಯದ ವಸ್ತುವಾಗದೆ ಆಟದ ವಸ್ತುವಾಯಿತು. ಮುಂದೆ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, 1942ರಲ್ಲಿ ಪದವಿ ಪಡೆದು, ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು.

ಅವರು ಅಲ್ಲಿಗೆ ಹೋದುದು ವಿದ್ಯುತ್ ಇಂಜಿನಿಯರಿಂಗ್ ಕಲಿಯುವುದಕ್ಕೆ. ಆದರೆ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಇದ್ದರು. ತರುಣನ ಬುದ್ಧಿಯ ಹರಿತವನ್ನು ಕಂಡ ರಾಮನ್ ಅವರು ಆತನನ್ನು ತಮ್ಮ ವಿಭಾಗಕ್ಕೇ ಸೆಳೆದುಕೊಂಡರು. ಆ ವರ್ಷಗಳಲ್ಲಿ ನಮ್ಮ ಮುಂಬಯಿಯ ಹೋಮಿ ಭಾಭಾ ಅವರೂ ಅದೇ ಸಂಸ್ಥೆಯಲ್ಲಿದ್ದರು. 1945ರಲ್ಲಿ ಅಲ್ಲಿ ಮೊಳಕೆಯೊಡೆದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೇ ಅನಂತರ ನಮ್ಮ ನಗರಕ್ಕೆ ಬಂದು ಬೇರೂರಿತು. ಅಂತಹ ವಾತಾವರಣದಲ್ಲಿ ರಾಮಚಂದ್ರನ್ನರ ಕೈಗೆ ಸಿಕ್ಕ ಉಪಕರಣವೆಂದರೆ ಎಕ್ಸ್-ರೇ, ಅಂದರೆ ಕ್ಷ-ಕಿರಣ. ವಜ್ರದ ಹರಳುಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಹೊರಗೆ ದೋಷರಹಿತವಾಗಿ ಹೊಳೆಯುವ ಹರಳಿನ ಒಳಗಿರುವ ಓರೆಕೋರೆಗಳನ್ನು ಅವರು ಚಿತ್ರಿಸಿದರು. ಒಡೆಯದೆ ಒಳಗನ್ನು ಕಾಣಬೇಕೆಂಬ ಹಂಬಲವು ಅಂದು ಹಿಡಿದುದು, ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1947ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿ, ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ವೂಸ್ಟರ್ ಎಂಬ ವಿದ್ವಾಂಸರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅವರನ್ನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಕರೆದುಕೊಂಡಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಆ ವರುಷವೇ ಮದರಾಸಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಬರ್ನಾಲ್ ಅವರೊಡನೆ ನಡೆದ ಸಂಭಾಷಣೆಯಿಂದ ಅವರ ಗಮನವು ಕೊಲಾಜನ್ ಎಂಬ ಸಸಾರಜನಕ ದ್ರವ್ಯದ ಕಡೆ ಹರಿಯಿತು. ನಮ್ಮ ಚರ್ಮ, ಸ್ನಾಯುಬಂಧ, ಎಲುಬುಗಳನ್ನು ಬಿಗಿದು ಹಿಡಿದಿರುವ ಪದಾರ್ಥವಿದು. ಅದರ ಅಣುವು ಮೂರು ಎಳೆಗಳನ್ನು ಹೆಣೆದ ಜಡೆಯಂತೆ ಇದೆಯೆಂದು ರಾಮಚಂದ್ರನ್ನರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೂ 1954 ಮತ್ತು 1955ರಲ್ಲಿ ಲೋಕಕ್ಕೆ ತಿಳಿಸಿದರು.

ಈ ರಚನೆಗೆ ಕೇಂಬ್ರಿಜ್‌ನಿಂದ ಆಕ್ಷೇಪ ಬಂದಿತು. ಅಣುವಿನಲ್ಲಿ ಕೆಲವು ಪರಮಾಣುಗಳು ಸಹಜವಾಗಿರಬೇಕಾದುದಕ್ಕಿಂತ ಹೆಚ್ಚು ಒತ್ತಾಗಿವೆಯೆಂದು ಅಲ್ಲಿನ ವಿದ್ವಾಂಸರು ತಿದ್ದುಪಡಿ ಸೂಚಿಸಿದರು. ಬೇರೆಯವರಾಗಿದ್ದರೆ ವಾದದಲ್ಲಿ ಕಾಲ ಕಳೆಯುತ್ತಿದ್ದರೋ ಏನೋ. ರಾಮಚಂದ್ರನ್ನರು ಮಾಡಿದುದು ಬೇರೆ. ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಲ್ಲವು ಎಂಬುದನ್ನೇ ಮೂಲದಿಂದ ಅಳೆಯತೊಡಗಿದರು. ಆ ದುಡಿಮೆಯ ಫಲವಾಗಿ 1963ರಲ್ಲಿ ಶಶಿಶೇಖರನ್ ಮತ್ತು ರಾಮಕೃಷ್ಣನ್ ಎಂಬ ಸಹೋದ್ಯೋಗಿಗಳೊಡನೆ ಅವರು ಪ್ರಕಟಿಸಿದ ನಕ್ಷೆಯು ಇಂದು ರಾಮಚಂದ್ರನ್ ನಕ್ಷೆ ಎಂಬ ಹೆಸರಿನಿಂದ ಜಗತ್ತಿನ ಜೀವರಸಾಯನ ಪಠ್ಯಪುಸ್ತಕಗಳಲ್ಲೆಲ್ಲ ಕಾಣಬರುತ್ತದೆ. ಆಕ್ಷೇಪವನ್ನು ಪ್ರಶ್ನೆಯನ್ನಾಗಿ ಮಾರ್ಪಡಿಸಿಕೊಳ್ಳುವ ಈ ಶಕ್ತಿಯನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

1970ರ ಸುಮಾರಿಗೆ ಅವರು ಮದರಾಸನ್ನು ಬಿಟ್ಟು ಬೆಂಗಳೂರಿಗೆ ಹಿಂದಿರುಗಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ಭೌತಶಾಸ್ತ್ರದ ಹೊಸ ವಿಭಾಗವನ್ನು ಕಟ್ಟಿದರು. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಸಂಬಂಧಿಸಿದ ಕಾರ್ಯವು ನಡೆದುದು ಈ ಕಾಲದಲ್ಲಿ. ಅದನ್ನು ತಿಳಿಯಬೇಕಾದರೆ ಮೊದಲು ಎಕ್ಸ್-ರೇಯ ಗುಣವನ್ನೂ ಅದರ ಕೊರತೆಯನ್ನೂ ಅರಿಯಬೇಕು.

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಂಟ್‌ಜನ್ ಎಂಬ ಪ್ರಾಧ್ಯಾಪಕರು ಈ ಅದೃಶ್ಯ ಕಿರಣಗಳನ್ನು ಕಂಡುಹಿಡಿದರು. ಕೆಲವು ವಾರಗಳಲ್ಲಿಯೇ ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದರು. ಮೂಳೆಗಳೂ ಬೆರಳಿನ ಉಂಗುರವೂ ಅದರಲ್ಲಿ ಮೂಡಿದುವು. ಮೂಳೆ ಕಿರಣವನ್ನು ಹೆಚ್ಚು ತಡೆಯುತ್ತದೆ, ಮಾಂಸ ಕಡಿಮೆ ತಡೆಯುತ್ತದೆ, ಗಾಳಿ ತಡೆಯುವುದೇ ಇಲ್ಲವೆನ್ನಬಹುದು. ಈ ತಡೆಯ ವ್ಯತ್ಯಾಸವೇ ಚಿತ್ರವಾಗುತ್ತದೆ. ಎಂದರೆ ಎಕ್ಸ್-ರೇ ಚಿತ್ರವು ಒಂದು ನೆರಳು.

ನೆರಳಿಗೆ ಒಂದು ದೋಷವುಂಟು. ರಾತ್ರಿ ದೀಪದ ಮುಂದೆ ಒಂದು ಬಳೆಯನ್ನು ಹಿಡಿಯಿರಿ. ಎದುರಾಗಿ ಹಿಡಿದರೆ ಗೋಡೆಯ ಮೇಲೆ ವೃತ್ತವು ಕಾಣುತ್ತದೆ; ಪಕ್ಕಕ್ಕೆ ತಿರುಗಿಸಿದರೆ ಬರಿಯ ಗೆರೆ. ಬಳೆಯ ಹಿಂದೆ ಒಂದು ಪೆನ್ಸಿಲನ್ನಿಟ್ಟರೆ ಯಾವುದು ಮುಂದಿದೆ, ಯಾವುದು ಹಿಂದಿದೆ ಎಂಬುದನ್ನು ನೆರಳು ಹೇಳಲಾರದು. ಎದೆಯ ಚಿತ್ರದಲ್ಲಿಯೂ ಹಾಗೆಯೇ. ಪಕ್ಕೆಲುಬು, ಹೃದಯ, ಶ್ವಾಸಕೋಶ, ಬೆನ್ನೆಲುಬು ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ತಲೆಯ ಚಿತ್ರದಲ್ಲಿ ಗಟ್ಟಿಯಾದ ತಲೆಬುರುಡೆಯ ನೆರಳಿನಲ್ಲಿ ಮೃದುವಾದ ಮೆದುಳು ಮುಚ್ಚಿಹೋಗುತ್ತದೆ. ಮೆದುಳಿನೊಳಗೆ ರಕ್ತ ಹೆಪ್ಪುಗಟ್ಟಿದ್ದರೂ ಮಾಮೂಲು ಚಿತ್ರಕ್ಕೆ ಅದು ಗೋಚರಿಸುವುದಿಲ್ಲ.

ಈ ದೋಷಕ್ಕೆ ಪರಿಹಾರವೇನು? ಒಂದು ನೆರಳಿಗೆ ಬದಲಾಗಿ ಅನೇಕ ದಿಕ್ಕುಗಳಿಂದ ಅನೇಕ ನೆರಳುಗಳನ್ನು ತೆಗೆಯುವುದು. ಅವುಗಳಿಂದ ಒಳಗಿನ ವಿಷಯವನ್ನು ಲೆಕ್ಕ ಹಾಕಿ ತಿಳಿಯುವುದು. ಇದನ್ನು ನಮ್ಮ ವಿದ್ಯಾರ್ಥಿಗಳು ಪಾಟಿಯ ಮೇಲೆಯೇ ಮಾಡಿ ನೋಡಬಹುದು. ನಾಲ್ಕು ಮನೆಗಳ ಒಂದು ಚೌಕವನ್ನು ಬರೆದು ಅದರಲ್ಲಿ ನಾಲ್ಕು ಅಂಕಿಗಳು ಅಡಗಿವೆಯೆನ್ನೋಣ. ಮೇಲಿನ ಸಾಲಿನ ಮೊತ್ತ 5, ಕೆಳಗಿನದು 9. ಎಡ ಕಂಬದ ಮೊತ್ತ 6, ಬಲದ್ದು 8. ಅಂಕಿಗಳು ಯಾವುವು? ಮೇಲೆ 1 ಮತ್ತು 4, ಕೆಳಗೆ 5 ಮತ್ತು 4 ಎಂದರೂ ಸರಿ. ಮೇಲೆ 2 ಮತ್ತು 3, ಕೆಳಗೆ 4 ಮತ್ತು 5 ಎಂದರೂ ಸರಿ. ಎರಡು ದಿಕ್ಕಿನ ನೆರಳು ಸಾಲದು. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಓರೆಯಾಗಿ ಕೂಡಿದ ಮೊತ್ತ 7 ಎಂದು ತಿಳಿದೊಡನೆ ಸಂದೇಹವು ತೀರಿತು: ಎರಡನೆಯ ಉತ್ತರವೇ ನಿಜ. ಸಿ.ಟಿ. ಯಂತ್ರವು ಮಾಡುವುದು ಇದೇ ಲೆಕ್ಕವನ್ನು, ಸಾವಿರಾರು ಮನೆಗಳ ಚೌಕದ ಮೇಲೆ. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ ಅದು ಶರೀರವನ್ನು, ಕತ್ತಿ ತಾಗಿಸದೆ, ಹೋಳು ಹೋಳಾಗಿ ತೋರಿಸುತ್ತದೆ.

ನೆರಳುಗಳಿಂದ ವಸ್ತುವನ್ನು ಮರಳಿ ಪಡೆಯಬಹುದೆಂಬುದನ್ನು ಆಸ್ಟ್ರಿಯದ ಗಣಿತಜ್ಞ ರಾಡೋನ್ 1917ರಲ್ಲಿಯೇ ಸಿದ್ಧಪಡಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಅದನ್ನು ಎಕ್ಸ್-ರೇಗೆ ಅನ್ವಯಿಸುವ ಬಗೆಯನ್ನು ಬರೆದರು. ಆದರೆ ತತ್ತ್ವ ಬೇರೆ, ಲೆಕ್ಕದ ಕೆಲಸ ಬೇರೆ. ಆ ಕಾಲದಲ್ಲಿ ಇಂತಹ ಸಮಸ್ಯೆಗಳಿಗೆ ವಿಜ್ಞಾನಿಗಳು ಬಳಸುತ್ತಿದ್ದ ಮುಖ್ಯ ಸಾಧನವೆಂದರೆ ಫ್ರೆಂಚ್ ಗಣಿತಜ್ಞ ಫೂರ್ಯೇ ಅವರ ಹೆಸರಿನ ರೂಪಾಂತರ. ನೆರಳನ್ನು ಅಲೆಗಳನ್ನಾಗಿ ಬಿಡಿಸಿ, ಅಲೆಗಳನ್ನು ಜೋಡಿಸಿ, ಮತ್ತೆ ಚಿತ್ರವನ್ನಾಗಿ ಕೂಡಿಸಬೇಕಾಗಿತ್ತು. ಅಂದಿನ ಗಣಕಯಂತ್ರಗಳಿಗೆ ಇದು ಭಾರವಾದ ಹೊರೆ. ನಡುನಡುವೆ ತಪ್ಪುಗಳೂ ನುಸುಳುತ್ತಿದ್ದುವು.

1971ರಲ್ಲಿ ರಾಮಚಂದ್ರನ್ನರು ಈ ಸಮಸ್ಯೆಯನ್ನು ಎತ್ತಿಕೊಂಡರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಣುಗಳ ಚಪ್ಪಟೆ ಚಿತ್ರಗಳಿಂದ ಅವುಗಳ ಘನರೂಪವನ್ನು ಪಡೆಯುವುದೂ, ಎಕ್ಸ್-ರೇ ಚಿತ್ರಗಳಿಂದ ಶರೀರದ ಒಳರೂಪವನ್ನು ಪಡೆಯುವುದೂ ಒಂದೇ ಲೆಕ್ಕವೆಂದು ಅವರು ಕಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನಮಾಲೆಗೆ ನೆರಳಿನಿಂದ ವಸ್ತುವಿನ ಪುನರ್ರಚನೆ ಎಂಬ ಅರ್ಥ ಬರುವ ಶೀರ್ಷಿಕೆಯನ್ನಿಟ್ಟರು. ಲಕ್ಷ್ಮೀನಾರಾಯಣನ್ ಎಂಬ ಸಹೋದ್ಯೋಗಿಯೊಡನೆ ಬರೆದ ಮುಖ್ಯ ಪ್ರಬಂಧವು ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಹೊರಬಂದಿತು.

ಅವರ ವಿಧಾನದ ತಿರುಳನ್ನು ಹೀಗೆ ಹೇಳಬಹುದು. ಪ್ರತಿಯೊಂದು ನೆರಳನ್ನೂ ಅದು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹರಡಿದರೆ ಎಲ್ಲ ನೆರಳುಗಳೂ ಕೂಡಿದ ಕಡೆ ವಸ್ತುವಿನ ಆಕಾರವು ಮೂಡುತ್ತದೆ. ಆದರೆ ನಮ್ಮ ಮುಂಬಯಿಯ ಮಳೆಗಾಲದಲ್ಲಿ ಬೀದಿದೀಪದ ಸುತ್ತ ಹಬ್ಬುವ ಮಸಕು ಬೆಳಕಿನಂತೆ ಆ ಆಕಾರದ ಸುತ್ತಲೂ ಮಬ್ಬು ಕವಿದಿರುತ್ತದೆ. ಈ ಮಬ್ಬನ್ನು ಮೊದಲೇ ಕಳೆಯಲು ಪ್ರತಿ ನೆರಳನ್ನೂ ಹರಡುವ ಮುನ್ನ ತಿದ್ದಬೇಕು. ನೆರಳಿನ ಒಂದೊಂದು ಬಿಂದುವಿನ ಬೆಲೆಗೂ ಒಂದು ಗೊತ್ತಾದ ತೂಕವನ್ನು ಕೊಟ್ಟು, ಅದರ ಎರಡು ಪಕ್ಕಗಳಲ್ಲಿ ಒಂದನೆಯ, ಮೂರನೆಯ, ಐದನೆಯ ಸ್ಥಾನಗಳಲ್ಲಿರುವ ಬೆಲೆಗಳ ಕಿಂಚಿತ್ ಅಂಶಗಳನ್ನು ಕಳೆಯುತ್ತ ಹೋಗಬೇಕು. ಈ ಅಂಶಗಳು ದೂರದ ವರ್ಗಕ್ಕೆ ಅನುಸಾರವಾಗಿ ತಗ್ಗುತ್ತವೆ: ಮೂರನೆಯ ಸ್ಥಾನದ ತೂಕವು ಒಂದನೆಯದರ ಒಂಬತ್ತರಲ್ಲಿ ಒಂದು ಪಾಲು, ಐದನೆಯದರದು ಇಪ್ಪತ್ತೈದರಲ್ಲಿ ಒಂದು ಪಾಲು. ಎರಡು, ನಾಲ್ಕು ಮುಂತಾದ ಸಮಸ್ಥಾನಗಳ ತೂಕ ಸೊನ್ನೆ. ಅಲೆಗಳ ರೂಪಾಂತರ ಬೇಕಿಲ್ಲ. ಗುಣಿಸುವುದು, ಕೂಡುವುದು, ಕಳೆಯುವುದು ಇಷ್ಟೇ ಸಾಕು. ವಿದ್ವಾಂಸರು ಇದನ್ನು ಕಾನ್ವೊಲ್ಯೂಷನ್ ಎನ್ನುತ್ತಾರೆ. ಲೆಕ್ಕದ ವೇಳೆಯೂ ಉಳಿಯಿತು, ಚಿತ್ರದ ನಿಖರತೆಯೂ ಹೆಚ್ಚಿತು. ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬಿಬ್ಬರು 1967ರಲ್ಲಿಯೇ ಇಂತಹ ಮಾರ್ಗವನ್ನು ಹಿಡಿದಿದ್ದರೆಂಬುದನ್ನೂ ನಾವು ಇಲ್ಲಿ ಹೇಳಬೇಕು. ಎಕ್ಸ್-ರೇ ಚಿತ್ರಗಳ ಕ್ಷೇತ್ರಕ್ಕೆ ಅದನ್ನು ಸ್ವತಂತ್ರವಾಗಿ ತಂದುಕೊಟ್ಟವರು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್. ಇಬ್ಬರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದ ರಾಮ್-ಲಾಕ್ ಎಂಬ ಶೋಧಕದ ಹೆಸರು ಇಂದಿಗೂ ಬಳಕೆಯಲ್ಲಿದೆ.

ಆ ವೇಳೆಗೆ ಇಂಗ್ಲೆಂಡಿನಲ್ಲಿ, ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯ ಇಂಜಿನಿಯರ್ ಹೌನ್ಸ್‌ಫೀಲ್ಡ್ ಎಂಬವರು ಯಂತ್ರವನ್ನೇ ಕಟ್ಟುತ್ತಿದ್ದರು. ಅದೇ 1971ನೆಯ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಪ್ರದೇಶದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರ ಮೆದುಳಿನ ಮೊದಲ ಹೋಳುಚಿತ್ರವನ್ನು ತೆಗೆದರು. ಯಂತ್ರವು ಒಂದೊಂದು ಡಿಗ್ರಿ ತಿರುಗುತ್ತ 180 ದಿಕ್ಕುಗಳಿಂದ, ಪ್ರತಿ ದಿಕ್ಕಿನಲ್ಲಿ 160ರಂತೆ, ಒಟ್ಟು 28,800 ಅಳತೆಗಳನ್ನು ತೆಗೆದುಕೊಂಡಿತು. ಚಿತ್ರದಲ್ಲಿದ್ದುದು 80ಕ್ಕೆ 80, ಅಂದರೆ 6,400 ಮನೆಗಳು. ಹೌನ್ಸ್‌ಫೀಲ್ಡರು ಆಗ ಬಳಸಿದುದು ಬೇರೊಂದು ಲೆಕ್ಕದ ವಿಧಾನವನ್ನು. ಆದರೆ ಯಂತ್ರಗಳು ವೇಗಗೊಂಡು ಮನೆಗಳ ಸಂಖ್ಯೆ 512ಕ್ಕೆ 512ರವರೆಗೆ ಏರಿದಾಗ ಕಾನ್ವೊಲ್ಯೂಷನ್ ಮಾರ್ಗವೇ ಪ್ರಧಾನವಾಯಿತು. 1974ರಲ್ಲಿ ಶೆಪ್ ಮತ್ತು ಲೋಗನ್ ಅದನ್ನು ಇನ್ನಷ್ಟು ನಯಗೊಳಿಸಿದರು. ಹಲವು ದಶಕಗಳ ಕಾಲ ಜಗತ್ತಿನ ಸಿ.ಟಿ. ಯಂತ್ರಗಳು ಈ ಹಾದಿಯಲ್ಲಿಯೇ ನಡೆದುವು. ಈಚೆಗೆ ಗಣಕಯಂತ್ರಗಳು ಪ್ರಬಲವಾದ ಮೇಲೆ ಬೇರೆ ವಿಧಾನಗಳೂ ಜೊತೆಗೂಡಿವೆ.

ಹಾಗಾದರೆ ಹೊಸದು ಬಂದ ಮೇಲೆ ಹಳೆಯದು ನಿಷ್ಪ್ರಯೋಜಕವಾಯಿತೇ? ಹಾಗೆ ತಿಳಿಯುವುದು ತಪ್ಪು. ಮೃದುವಾದ ಅಂಗಗಳ ಅಲ್ಪ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಸಿ.ಟಿ.ಗೆ ಎಕ್ಸ್-ರೇ ಸಾಟಿಯಲ್ಲ. ತಮ್ಮ ಯಂತ್ರವು ಮಾಮೂಲು ವಿಧಾನಕ್ಕಿಂತ ಸುಮಾರು 100 ಪಟ್ಟು ಸೂಕ್ಷ್ಮವೆಂದು ಹೌನ್ಸ್‌ಫೀಲ್ಡರು ಅಂದಾಜು ಮಾಡಿದ್ದರು. ನೀರಿಗೆ 0, ಗಾಳಿಗೆ ಋಣ 1000 ಎಂದು ಅಂಕಿ ಕೊಟ್ಟು ಪ್ರತಿಯೊಂದು ಅಂಗವನ್ನೂ ಅಳೆಯುವ ಮಾನವು ಅವರ ಹೆಸರಿನಲ್ಲಿಯೇ ಇದೆ. ಆದರೆ ಎಲುಬಿನ ಕೂದಲೆಳೆಯಂತಹ ಬಿರುಕಿನ ನವುರಾದ ಅಂಚನ್ನು ತೋರಿಸುವುದರಲ್ಲಿ ಒಳ್ಳೆಯ ಎಕ್ಸ್-ರೇ ಚಿತ್ರವು ಸಾಮಾನ್ಯ ಸಿ.ಟಿ.ಯನ್ನು ಮೀರಿಸುತ್ತದೆ. ವೇಳೆ, ವೆಚ್ಚ, ಯಂತ್ರವನ್ನು ರೋಗಿಯ ಮಂಚದ ಬಳಿಗೇ ಒಯ್ಯುವ ಅನುಕೂಲ ಇವುಗಳಲ್ಲಿಯೂ ಹಳೆಯದೇ ಮೇಲು.

ಎಲ್ಲಕ್ಕಿಂತ ಮುಖ್ಯವಾದುದು ಕಿರಣದ ಪ್ರಮಾಣ. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣವು ತಗಲುತ್ತದೆ. ಎದೆಯ ಎಕ್ಸ್-ರೇಯಿಂದ ತಗಲುವುದು ಅದರ ಅತ್ಯಲ್ಪ ಭಾಗ, 0.1 ಮಿಲಿಸೀವರ್ಟಿನಷ್ಟು ಅಥವಾ ಅದಕ್ಕೂ ಕಡಿಮೆ. ಎದೆಯ ಸಿ.ಟಿ.ಯಿಂದ ಸುಮಾರು 7. ಎಂದರೆ ಒಂದೇ ಸಲಕ್ಕೆ ಎರಡು ಮೂರು ವರ್ಷಗಳ ನಿಸರ್ಗದ ಪಾಲು. ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ದೊಡ್ಡ ಯಂತ್ರದಲ್ಲಿ ನೋಡಿಸಿದರೆ ಒಳ್ಳೆಯದಲ್ಲವೇ ಎಂದು ಕೆಲವು ತಂದೆತಾಯಿಗಳು ತಾವಾಗಿಯೇ ಒತ್ತಾಯಿಸುವುದುಂಟು. ವೈದ್ಯರು ಅಗತ್ಯವೆಂದಾಗ ಹಿಂಜರಿಯಬಾರದು. ಅವರು ಬೇಡವೆಂದಾಗ ಬಲವಂತ ಮಾಡಲೂ ಬಾರದು. ನಮ್ಮ ದೇಶದಲ್ಲಿ ಇಂತಹ ಯಂತ್ರಗಳ ಸುರಕ್ಷಿತತೆಯನ್ನು ನಿಯಂತ್ರಿಸುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು 1983ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯ ಕಚೇರಿಯಿರುವುದು ನಮ್ಮ ಅಣುಶಕ್ತಿನಗರದಲ್ಲಿಯೇ. ಶಿವಡಿಯ ಕ್ಷಯರೋಗ ಆಸ್ಪತ್ರೆಯನ್ನು ನೋಡಿದವರಿಗೆ ಎದೆಯ ಸರಳ ಎಕ್ಸ್-ರೇಯ ಬೆಲೆ ಗೊತ್ತು. 1941ರಿಂದ ಪರೇಲಿನಲ್ಲಿ ಸೇವೆ ಸಲ್ಲಿಸುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಅರ್ಬುದದ ಚಿಕಿತ್ಸೆಗಾಗಿ ಬರುವವರಿಗೆ ಗಂಟಿನ ಆಳ ಅಗಲಗಳನ್ನು ತಿಳಿಸುವ ಸಿ.ಟಿ.ಯ ಬೆಲೆ ಗೊತ್ತು. ಸಾವಿರ ಜನರನ್ನು ಬೇಗ ಸೋಸಿ ನೋಡಲು ಒಂದು, ಒಬ್ಬನನ್ನು ಕೂಲಂಕಷವಾಗಿ ನೋಡಲು ಇನ್ನೊಂದು.

1979ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ಅವರು ಅದಕ್ಕೆ ಸರ್ವಥಾ ಅರ್ಹರು. ಒಬ್ಬರು ಯಂತ್ರವನ್ನು ಕಟ್ಟಿದರು, ಇನ್ನೊಬ್ಬರು ರಾಮಚಂದ್ರನ್ನರಿಗಿಂತ ಮುಂಚೆ ಬರೆದರು. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಕೊರಗು ಉಳಿಯುತ್ತದೆ. ಬೆಂಗಳೂರಿನಲ್ಲಿ ಲೆಕ್ಕವು ಕಾಗದದ ಮೇಲೆ ಸಿದ್ಧವಾಗಿದ್ದಾಗ ಅದನ್ನು ಯಂತ್ರವಾಗಿಸುವ ಕಾರ್ಖಾನೆಯೊಂದು ನಮ್ಮ ದೇಶದಲ್ಲಿ ಜೊತೆಗೆ ನಿಂತಿರಲಿಲ್ಲ. ನಮ್ಮವರ ಲೆಕ್ಕವನ್ನು ಒಳಗಿಟ್ಟುಕೊಂಡ ಯಂತ್ರಗಳನ್ನು ನಾವು ಹೊರದೇಶಗಳಿಂದ ಕೊಂಡು ತಂದೆವು. ಪ್ರಯೋಗಶಾಲೆಗೂ ಕಾರ್ಖಾನೆಗೂ ನಡುವಣ ಈ ಕಂದಕವನ್ನು ತುಂಬುವ ಕೆಲಸವು ಇಂದಿನ ವಿದ್ಯಾರ್ಥಿಗಳಿಗೆ ಉಳಿದಿದೆ.

ರಾಮಚಂದ್ರನ್ನರಿಗೆ ಗೌರವಗಳು ಬಾರದೆ ಇರಲಿಲ್ಲ. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಸ್ಫಟಿಕಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘದ ಎವಾಲ್ಡ್ ಪಾರಿತೋಷಕ ಅವರಿಗೆ ದೊರೆತುವು. ಜೀವಿತದ ಉತ್ತರಾರ್ಧದಲ್ಲಿ ಅವರ ಮನಸ್ಸು ತತ್ತ್ವಶಾಸ್ತ್ರದತ್ತ ತಿರುಗಿತು. ಒಂದು ವಸ್ತುವನ್ನು ಒಂದೇ ಕಡೆಯಿಂದ ನೋಡಿ ಇದು ಹೀಗೆಯೇ ಎಂದು ಸಾಧಿಸಬಾರದು, ಬೇರೆ ಬೇರೆ ದೃಷ್ಟಿಗಳಿಂದ ಅದು ಬೇರೆ ಬೇರೆಯಾಗಿ ತೋರಬಹುದು ಎನ್ನುವ ಜೈನರ ಸ್ಯಾದ್ವಾದವನ್ನು ಅವರು ಗಣಿತದ ಸೂತ್ರಗಳಲ್ಲಿ ಅಳವಡಿಸಲು ಯತ್ನಿಸಿದರು. ಆನೆಯನ್ನು ಮುಟ್ಟಿದ ಕುರುಡರ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದ ನಮಗೆ, ನೂರೆಂಟು ದಿಕ್ಕಿನ ನೆರಳುಗಳನ್ನು ಕೂಡಿಸಿ ವಸ್ತುವನ್ನು ಕಂಡ ವಿಜ್ಞಾನಿಯು ಈ ದರ್ಶನಕ್ಕೆ ಒಲಿದುದು ಆಶ್ಚರ್ಯವೆನಿಸುವುದಿಲ್ಲ.

ಅವರ ಕೊನೆಯ ವರ್ಷಗಳು ಕಷ್ಟದವು. ಕೈಕಾಲುಗಳನ್ನು ನಡುಗಿಸುವ ಪಾರ್ಕಿನ್‌ಸನ್ ರೋಗವು ಅವರನ್ನು ಬಾಧಿಸಿತು. 1945ರಿಂದ ಬಾಳಿನ ಸಂಗಾತಿಯಾಗಿದ್ದ ಪತ್ನಿ ರಾಜಲಕ್ಷ್ಮಿಯವರು 1998ರಲ್ಲಿ ತೀರಿಕೊಂಡರು. 2001ನೆಯ ಏಪ್ರಿಲ್ 7ರಂದು ಚೆನ್ನೈಯಲ್ಲಿ ರಾಮಚಂದ್ರನ್ನರು ಕೀರ್ತಿಶೇಷರಾದರು. ಆಗ ಅವರಿಗೆ 78 ವರ್ಷ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಆಸ್ಪತ್ರೆಯ ಆ ದೊಡ್ಡ ಬಳೆಯಂತಹ ಯಂತ್ರದೊಳಗೆ ಮಲಗಬೇಕಾಗಿ ಬಂದರೆ, ಅಥವಾ ಅಕ್ಕ ತಮ್ಮಂದಿರನ್ನು ಒಳಗೆ ಕಳುಹಿಸಿ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತರೆ, ಹೆದರಬೇಕಾದುದಿಲ್ಲ. ಒಳಗೆ ನಡೆಯುತ್ತಿರುವುದು ಕೂಡುವ, ಕಳೆಯುವ, ಗುಣಿಸುವ ಲೆಕ್ಕ. ಅದನ್ನು ಅಷ್ಟು ಸರಳಗೊಳಿಸಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದರು ಎಂಬುದನ್ನು ಆ ಹೊತ್ತಿನಲ್ಲಿ ನೆನೆದರೆ ಕಾಯುವ ಗಳಿಗೆ ಸ್ವಲ್ಪ ಹಗುರವಾದೀತು.